ಮೊದಲ ಪಂದ್ಯದ ಶುಂಠಿ ಕೇಕ್

ನಾನು ರಗ್ಬಿ ಲೀಗ್ ಆಡಿದವಳಲ್ಲ. ಚೆಂಡು ನನ್ನತ್ತ ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಡುವ ಸ್ವಭಾವ ನನ್ನದು. ಆದರೂ ಸ್ಟಾಕ್‌ಹೋಮಿನ ಒಂದು ರಗ್ಬಿ ಲೀಗ್ ಕ್ಲಬ್ಬಿನ ಇತಿಹಾಸ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅದಕ್ಕೆ ಕಾರಣ ನನ್ನ ರೂಮ್‌ಮೇಟ್.

ಅವಳು ಬೆಂಗಳೂರಿನವಳು, ಇಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಶಾಲೆಯಲ್ಲಿ ಕಬಡ್ಡಿ ಆಡಿದ ಕಾಲುಗಳು ಆಫೀಸಿನ ಮೇಜಿನ ಕೆಳಗೆ ಸುಮ್ಮನಿರಲಾರದೆ, ಕಳೆದ ಚಳಿಗಾಲದಲ್ಲಿ ಕ್ಲಬ್ಬಿನ ಹೆಂಗಸರ ತಂಡ ಸೇರಿದಳು. ಅದೇನು ಆಟವೆಂದು ಕೇಳಿದೆ.

"ಕಬಡ್ಡಿ ಥರಾನೇ ಕಣೇ. ಉಸಿರು ಹಿಡೀಬೇಕಾಗಿಲ್ಲ, ಅಷ್ಟೇ. ಆ ಕಡೆ ಹದಿಮೂರು ಜನ, ಈ ಕಡೆ ಹದಿಮೂರು ಜನ. ಆರು ಸಲ ನಮ್ಮನ್ನ ಕೆಡವ್ತಾರೆ, ಆಮೇಲೆ ಬಾಲ್ ಅವರಿಗೆ ಕೊಟ್ಬಿಡ್ಬೇಕು."

"ಕೆಡವಿದ್ದೂ ಅಲ್ದೆ ಬಾಲ್ ಬೇರೆ ಕೊಡ್ಬೇಕಾ?"

"ಅದೇ ರೂಲ್."

ಕ್ಲಬ್ಬಿನ ವಾರ್ಷಿಕೋತ್ಸವಕ್ಕೆಂದು ಡ್ರೆಸ್ಸಿಂಗ್ ರೂಮಿನ ಗೋಡೆಯ ಮೇಲೆ ಇತಿಹಾಸದ ಫಲಕ ಹಾಕುವ ಮಾತು ಬಂದಾಗ ಅವಳು ನನ್ನನ್ನು ಕೇಳದೆಯೇ ಒಪ್ಪಿಕೊಂಡಿದ್ದಳು. "ನನ್ನ ಫ್ರೆಂಡ್ ಕೆಸರು ನೋಡಿ ಸಾವಿರಾರು ವರ್ಷದ ಹಿಸ್ಟರಿ ಹೇಳ್ತಾಳೆ, ನಮ್ಮ ಗ್ರೌಂಡಲ್ಲೂ ಇರೋದು ಕೆಸರೇ ಅಂದೆ" ಎಂದು ಮನೆಗೆ ಬಂದು ಹೇಳಿದಳು. ನನ್ನ ಸಂಶೋಧನೆ ಸರೋವರಗಳ ತಳದ ಹೂಳಿನ ಪದರಗಳ ಮೇಲೆ. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲವಾದ್ದರಿಂದ ನಿರಾಕರಿಸುವುದಕ್ಕೆ ಕಾರಣ ಹೊಳೆಯಲಿಲ್ಲ.

ಕ್ಲಬ್ ಕಟ್ಟಿದವರು ಉತ್ತರ ಇಂಗ್ಲೆಂಡಿನ ಒಬ್ಬ ಹಿರಿಯರು, ಇಲ್ಲಿಯ ಹೆಣ್ಣನ್ನು ಮದುವೆಯಾಗಿ ಇಲ್ಲೇ ನೆಲೆಸಿದ ನಿವೃತ್ತ ಮೇಷ್ಟರು. ಮೊದಲ ಕಾರ್ಯದರ್ಶಿಯ ಮನೆಯಿಂದ ಆಗಷ್ಟೇ ಬಂದಿದ್ದ, ಇನ್ನೂ ತೆರೆದಿರದ ಕಾಗದಗಳ ರಟ್ಟಿನ ಪೆಟ್ಟಿಗೆಯೊಂದನ್ನು ನನ್ನ ಕೈಗಿಟ್ಟು, "ಮೊದಲ ಪಂದ್ಯ ಗೆದ್ದೆವೋ ಇಲ್ಲವೋ, ಅದೊಂದು ಸಿಕ್ಕರೆ ಸಾಕು" ಎಂದರು. ಆ ಪಂದ್ಯಕ್ಕೆ ಅವರೇ ನಾಯಕರು. ಅರ್ಧ ಆಟ ಮುಗಿಯುವ ಮೊದಲೇ ಹುಬ್ಬು ಸೀಳಿ ಆಸ್ಪತ್ರೆ ಸೇರಿದ್ದರು. ಹೊರಡುವಾಗ ನಮ್ಮವರೇ ಮುಂದಿದ್ದರಂತೆ. ಮರುದಿನ ಸಂಜೆ ಆಸ್ಪತ್ರೆಗೆ ನೋಡಲು ಬಂದ ಇಬ್ಬರು ಆಟಗಾರರು ಗೆದ್ದೆವು ಎಂದರಂತೆ.

"ಆದರೆ ಹೇಳುವಾಗ ನಗುತ್ತಿದ್ದರು" ಎಂದರು. ತಾವು ನಗಲಿಲ್ಲ.

ಅಂದು ಆಡಿದವರೆಲ್ಲ ತಮ್ಮ ತಮ್ಮ ದೇಶಗಳಿಗೆ ಹೋಗಿದ್ದಾರೆ. ಎದುರಾಳಿ ಕ್ಲಬ್ಬು ಮುಚ್ಚಿದೆ. ಈಗಲೂ ಪತ್ರ ಬರೆಯುವ ಇಬ್ಬರಲ್ಲಿ ಒಬ್ಬ ಗೆದ್ದೆವು ಎನ್ನುತ್ತಾನೆ. ಇನ್ನೊಬ್ಬ, ಪಂದ್ಯ ಆಡಿದ್ದೆವಾ ಎಂದು ಕೇಳುತ್ತಾನೆ. ಅಷ್ಟು ವರ್ಷಗಳಿಂದ ಹಿರಿಯರು ಆ ನಗುವಿನ ಅರ್ಥ ಹುಡುಕುತ್ತಿದ್ದರು.

ಪೆಟ್ಟಿಗೆಯಲ್ಲಿ ಪ್ರತಿ ಸಭೆಯ ನಡಾವಳಿಯೂ ಇತ್ತು. ಈ ದೇಶದಲ್ಲಿ ನಾಲ್ಕು ಜನ ಸೇರಿದರೆ ಸಂಘ, ಸಂಘವಾದರೆ ನಡಾವಳಿ, ನಡಾವಳಿ ಸರಿಯಿದೆ ಎಂದು ರುಜು ಹಾಕುವುದಕ್ಕೆ ಇನ್ನೊಬ್ಬರು. ಮೊದಲ ಕಾರ್ಯದರ್ಶಿ ಸಭೆ ತೆರೆದ ನಿಮಿಷವನ್ನೂ ಕಳೆದುಹೋದ ಸೀಟಿಯನ್ನೂ ಬಿಟ್ಟಿರಲಿಲ್ಲ. ಮೊದಲ ಪಂದ್ಯದ ಬಗ್ಗೆ ಮಾತ್ರ ಸ್ವೀಡಿಷ್‌ನಲ್ಲಿ ಮೂರೇ ಸಾಲು: ಮಳೆಯಲ್ಲಿ ಪಂದ್ಯ ನಡೆಯಿತು. ಮಾರನೆಯ ದಿನ ಎರಡೂ ತಂಡಗಳಿಗೆ ಫಿಕಾ. ಶುಂಠಿ ಕೇಕ್ ನಮ್ಮವರು ತಂದರು. ಅಂಕ ಎಷ್ಟೆಂದು ಇರಲಿಲ್ಲ. ಇಲ್ಲಿ ಕಾಫಿ ತಿಂಡಿಯ ಈ ವಿರಾಮಕ್ಕೆ ಅಂಕಗಳಿಗಿಂತ ಹೆಚ್ಚಿನ ಗೌರವ.

ಅಡುಗೆಮನೆಯ ನೆಲದ ಮೇಲೆ ಕುಳಿತು ಓದುತ್ತಿದ್ದ ರೂಮ್‌ಮೇಟ್ ಚಪ್ಪಾಳೆ ತಟ್ಟಿದಳು. "ಗೆದ್ದಿದಾರೆ ಕಣೇ! ಸೋತೋರು ಯಾರಾದ್ರೂ ಸ್ವೀಟ್ ಹಂಚ್ತಾರಾ?"

ನನಗೂ ಹಾಗೇ ಅನ್ನಿಸಿತು. ನಾನು ಪಿಯುಸಿ ಪಾಸಾದಾಗ ಅಪ್ಪ, ಮಾತು ಬಿಟ್ಟಿದ್ದ ಪಕ್ಕದ ಮನೆಯವರಿಗೂ ಪೇಡಾ ಕೊಟ್ಟುಬಂದಿದ್ದರು. ಹೂಳಿನ ಒಂದು ಬೂದು ಗೆರೆಯನ್ನು ಮೂರು ಸಲ ಅನುಮಾನಿಸುವ ನಾನು ಕೇಕನ್ನು ಒಂದು ಸಲವೂ ಅನುಮಾನಿಸಲಿಲ್ಲ.

"ದಾಖಲೆ ಸಿಕ್ಕಿದೆ. ಗೆದ್ದಿದ್ದೀರಿ" ಎಂದು ಹಿರಿಯರಿಗೆ ತಿಳಿಸಿದೆ. ಯಾವ ದಾಖಲೆ ಎಂದು ಅವರು ಕೇಳಲಿಲ್ಲ. ಕೇಳದ್ದನ್ನು ಹೇಳುವ ಅಭ್ಯಾಸ ನನಗಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ವಾರದೊಳಗೆ ಫಲಕದ ಮೇಲೆ, ತಮ್ಮ ಕೈಯಾರೆ, ನೀಲಿ ಬಣ್ಣದಲ್ಲಿ ಬರೆದಿದ್ದರು: ಮೊದಲ ಪಂದ್ಯ, ಗೆಲುವು.

ಮೇ ತಿಂಗಳಲ್ಲಿ ರೂಮ್‌ಮೇಟ್ ಆಡಿದ ಮೊದಲ ಪಂದ್ಯ. ಚೆನ್ನಾಗಿಯೇ ಸೋತರು. ಡ್ರೆಸ್ಸಿಂಗ್ ರೂಮಿನಲ್ಲಿ ಅವಳು ಮುಖದ ಕೆಸರು ಒರೆಸಿಕೊಳ್ಳುತ್ತ ಹೇಳಿದಳು, "ಇವತ್ತು ಸಂಜೆ ಓವನ್ ನಂಗೆ ಬೇಕು. ನಾಳೆ ಫಿಕಾಗೆ ಸೋತೋರೇ ಕೇಕ್ ತರ್ಬೇಕಂತೆ. ಕ್ಲಬ್ ಶುರುವಾದಾಗಿಂದ ಯಾರೂ ಮುರೀದೇ ಇರೋ ರೂಲ್ ಅಂದ್ರೆ ಇದೊಂದೇ..."

ಟವೆಲ್ ಅಲ್ಲೇ ನಿಂತಿತು. ಇಬ್ಬರೂ ಫಲಕದತ್ತ ನೋಡಿದೆವು.

"ಹೇಳ್ಬೇಡ ಕಣೇ, ಪ್ಲೀಸ್. ಪಾಪ, ತಾತ ಎಷ್ಟು ಖುಷಿಯಾಗಿದಾರೆ."

"ನಾನು ತಪ್ಪು ಹೇಳಿದೀನಿ."

"ಬರೀ ಒಂದು ಕೇಕ್ ವಿಷ್ಯ!"

ಮಾರನೆಯ ದಿನ ಫಿಕಾದಲ್ಲಿ ಹಿರಿಯರನ್ನು ಪಕ್ಕಕ್ಕೆ ಕರೆದು ಆ ಹಾಳೆಯನ್ನೇ ಕೊಟ್ಟೆ. ಮೂರು ಸಾಲಿಗೆ ಬೇಕಾದ್ದಕ್ಕಿಂತ ಬಹಳ ಹೊತ್ತು ಓದಿದರು.

"ಅದಕ್ಕೇ ನಗುತ್ತಿದ್ದರು" ಎಂದರು ಕೊನೆಗೆ. "ಆಸ್ಪತ್ರೆಗೆ ನನಗೂ ಒಂದು ತುಂಡು ತಂದಿದ್ದರು. ಎದುರಾಳಿಗಳು ಮಾಡಿದ ಕೇಕು ಎಂದುಕೊಂಡು ಎಷ್ಟು ಸಂತೋಷದಿಂದ ತಿಂದೆ!"

ಕ್ಷಮೆ ಕೇಳಿದೆ. ಗೆಲುವು ಎಂದು ಹೇಗನ್ನಿಸಿತು ಎಂದು ಕೇಳಿದರು. ಪೇಡಾದ ಕಥೆ ಹೇಳಬೇಕಾಯಿತು. ನನ್ನ ಮನೆಯ ಬಗ್ಗೆ ಅಷ್ಟನ್ನು ಈ ದೇಶದಲ್ಲಿ ನಾನು ಯಾರಿಗೂ ಹೇಳಿರಲಿಲ್ಲ.

"ಮಾತು ಬಿಟ್ಟವರಿಗೂ ಕೊಟ್ಟರೇ?"

"ಅವರಿಗೇ ಮೊದಲು."

ಹುಬ್ಬಿನ ಹಳೆಯ ಗಾಯದ ಮೇಲೆ ಕೈಯಿಟ್ಟುಕೊಂಡು ನಕ್ಕರು. ಆಮೇಲೆ ಬಣ್ಣದ ಡಬ್ಬಿ ತಂದು 'ಗೆಲುವು' ಎಂಬುದರ ಮೇಲೆ ಬಿಳಿ ಬಳಿದರು. ಅದು ಒಣಗಿದ ಮೇಲೆ ಕುಂಚವನ್ನು ನೀಲಿಯಲ್ಲಿ ಅದ್ದಿ ನನ್ನತ್ತ ತಿರುಗಿದರು.

"ಕಾಗದದಲ್ಲಿ ಏನಿದೆ, ಇನ್ನೊಮ್ಮೆ ಓದು."

ಓದಿದೆ. ಈಗ ಫಲಕದ ಮೊದಲ ಸಾಲು ಹೀಗಿದೆ: ಮೊದಲ ಪಂದ್ಯ, ಮಳೆ. ಶುಂಠಿ ಕೇಕ್ ನಮ್ಮವರದು. ಪ್ರತಿ ಪದಕ್ಕೂ ಆಧಾರವಿದೆ, ನನ್ನ ಆಕ್ಷೇಪವಿಲ್ಲ.

ರೂಮ್‌ಮೇಟ್ ಓದಿ ಹುಬ್ಬೇರಿಸಿದಳು. "ಸೋತ್ರು ಅಂತ ಎಲ್ಲೂ ಇಲ್ವಲ್ಲೇ!"

"ಕ್ಲಬ್ಬಿನವರಿಗೆ ಗೊತ್ತಾಗತ್ತೆ."

"ನಮ್ಮೂರಿಂದ ಬಂದೋರಿಗೆ?"

ಅವಳು ಮಾಡಿದ ಕೇಕಿನ ತುಂಡೊಂದನ್ನು ತೆಗೆದುಕೊಂಡೆ. ನಡುವೆ ಇನ್ನೂ ಬೆಂದಿರಲಿಲ್ಲ.