ಬಾಟಲಿಯ ನಾಗಪ್ಪನಿಗೆ ಇಟ್ಟ ಕುಂಕುಮ

ಹೋದ ವಾರ ನಮ್ಮ ಮ್ಯೂಸಿಯಂಗೆ ಒಂದು ಮರದ ಪೆಟ್ಟಿಗೆ ಬಂತು. ಗುಬ್ಬಿಯಲ್ಲಿ ನಾನು ಓದಿದ ಕಾಲೇಜಿನವರು ಜಾಗ ಸಾಲದೆ ತಮ್ಮ ಹಳೆಯ ಪ್ರಾಣಿಶಾಸ್ತ್ರದ ಬಾಟಲಿಗಳನ್ನು ತುಮಕೂರಿಗೆ, ನಮಗೇ ಕಳಿಸಿದ್ದರು. ಪೆಟ್ಟಿಗೆ ತೆಗೆದದ್ದೇ ತಡ, ಫಾರ್ಮಲಿನ್ ವಾಸನೆ ಮೂಗಿಗೆ ಹೊಡೆದು ಕಣ್ಣಲ್ಲಿ ನೀರು ಬಂತು. ಹುಲ್ಲಿನ ನಡುವೆ ನಾಗರಹಾವಿನ ಬಾಟಲಿ. ಬಿರಡೆಗೆ ಮೆತ್ತಿದ್ದ ಮೇಣದಲ್ಲಿ ಒಂದು ಚಿಟಿಕೆ ಕುಂಕುಮ ಇನ್ನೂ ಹಾಗೇ ಇತ್ತು. ಆಮೇಲೆ ಬಂದ ಕಣ್ಣೀರಿಗೆ ಫಾರ್ಮಲಿನ್ ಕಾರಣವಲ್ಲ...

ನಮ್ಮ ಜುವಾಲಜಿ ಮೇಡಂ ಕುಳ್ಳಗೆ, ದುಂಡಗೆ ಇದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಟಲಿಗಳ ದೂಳು ಒರೆಸುತ್ತಾ ಅವುಗಳ ಜೊತೆ ಮಾತಾಡುತ್ತಿದ್ದರು. ಒಣಗಿದ ಆಮೆಯನ್ನು "ಏನಮ್ಮಾ, ಸೊರಗಿದೀಯಾ" ಎಂದು ವಿಚಾರಿಸಿಕೊಳ್ಳುವಷ್ಟು ಸಲಿಗೆ. ಹಳ್ಳಿ ಶಾಲೆಯ ಮಕ್ಕಳನ್ನು ಕರೆಸಿ ಅವನ್ನೆಲ್ಲ ತೋರಿಸುವ ಹುಚ್ಚು ಅವರದು. ಆ ಹುಚ್ಚು ನನಗೂ ಹತ್ತಿತು. ಡಿಗ್ರಿ ಮುಗಿಯುತ್ತಿದ್ದಂತೆ ತುಮಕೂರಿನ ಈ ಮ್ಯೂಸಿಯಂನಲ್ಲಿ ಮಕ್ಕಳಿಗೆ ತೋರಿಸಿ ವಿವರಿಸುವ ಕೆಲಸವೂ ಸಿಕ್ಕಿತು.

ಕಡಬದ ಮನೆಯಲ್ಲಿ ಅಪ್ಪ ಸುತಾರಾಂ ಒಪ್ಪಲಿಲ್ಲ. "ಸತ್ತ ನಾಗಪ್ಪನ್ನ ಸುಡದೆ ಬಾಟ್ಲೀಲಿ ಇಟ್ಟವ್ರೆ. ಅಂಥ ಜಾಗಕ್ಕೆ ಮಗಳನ್ನ ಕಳಿಸ್ಲಾ? ದೋಷ ತಟ್ಟುತ್ತೆ ಕಣೇ." ನಮ್ಮ ಕಡೆ ತೋಟದಲ್ಲಿ ನಾಗರ ಸತ್ತು ಬಿದ್ದಿದ್ದರೆ ಮನುಷ್ಯರಿಗೆ ಮಾಡುವಂತೆ ಹಾಲು ತುಪ್ಪ ಬಿಟ್ಟು ಸಂಸ್ಕಾರ ಮಾಡುತ್ತಾರೆ. ನಾನು ವಿಜ್ಞಾನ ಹೇಳಿದೆ, ಜಗಳವಾಡಿದೆ, ಊಟ ಬಿಟ್ಟೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಅಪ್ಪ ಇದನ್ನು ಓದುವುದಿಲ್ಲ ಎಂಬ ಧೈರ್ಯದಿಂದ ಬರೆದಿದ್ದೇನೆ.

ಮೇಡಂ ವಾದಕ್ಕೆ ಹೋಗಲಿಲ್ಲ. "ಅಪ್ಪನ್ನ ಒಂದ್ಸಲ ಕರ್ಕೊಂಡು ಬಾ, ನೋಡ್ಲಿ" ಎಂದರು, ಅಷ್ಟೇ.

ಅಪ್ಪ ಕಾಲೇಜಿಗೆ ಬಂದ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ನಾಗರಹಾವಿನ ಬಾಟಲಿಯ ಮುಂದೆ ನಿಂತು, ಜೇಬಿನಿಂದ ಕುಂಕುಮದ ಪೊಟ್ಟಣ ತೆಗೆದು, ಆಗಷ್ಟೇ ಹೊಸ ಮೇಣ ಮೆತ್ತಿದ್ದ ಬಿರಡೆಗೆ ಹಚ್ಚಿದ. ಕಣ್ಣು ಮುಚ್ಚಿ ಕೈ ಮುಗಿದ. ನನಗೋ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಒರೆಸಲು ಬಟ್ಟೆ ಎತ್ತಿಕೊಂಡೆ. ಮೇಡಂ ನನ್ನ ಕೈ ಹಿಡಿದರು.

"ಮುಗೀಲಿ ಬಿಡೇ. ಆಮೇಲೆ ಕಣ್ಣು ಬಿಡ್ತಾರಲ್ಲ, ಆಗ ನೋಡ್ತಾರೆ."

ಅಪ್ಪ ಕಣ್ಣು ಬಿಟ್ಟ. ಬಗ್ಗಿ ನೋಡಿದ. "ಇದಕ್ಕೆ ಹೆಡೆ ಯಾಕಮ್ಮ ಕಾಣಲ್ಲ?" ಎಂದ. ಮೇಡಂ ಉತ್ತರ ಕೊಡಲಿಲ್ಲ. ತೋಟದಲ್ಲಿ ನೋಡಿದಾಗ ಹೆಡೆ ಹೇಗಿತ್ತು ಎಂದು ಅವನನ್ನೇ ಕೇಳುತ್ತಾ, ಹಾವಿನ ಅಸ್ಥಿಪಂಜರವೊಂದನ್ನು ತಂದು ಮುಂದಿಟ್ಟರು. ಅಪ್ಪ ಕತ್ತಿನ ಹತ್ತಿರದ ಉದ್ದನೆಯ ಪಕ್ಕೆಲುಬುಗಳನ್ನು ಮುಟ್ಟಿ ಮುಟ್ಟಿ ನೋಡಿದ. ಇವು ಕೊಡೆಯ ಕಡ್ಡಿಗಳ ಹಾಗೆ ಬಿಚ್ಚಿಕೊಂಡರೆ ಹೆಡೆ ಎಂದು ಕೊನೆಗೆ ತಾನೇ ಕಂಡುಕೊಂಡ. ಆ ಸಂಭ್ರಮದಲ್ಲಿ ನಮಗೆ ಬಸ್ಸು ತಪ್ಪಿತು.

ಮುಂದಿನ ಬಸ್ಸಿನಲ್ಲಿ ಅಪ್ಪ, "ನಿಮ್ ಮೇಡಂ ಪಾಠನೇ ಮಾಡ್ಲಿಲ್ಲ ಕಣೇ, ಎಲ್ಲಾ ನನ್ ಕೈಲೇ ಹೇಳಿಸ್ಬುಟ್ರು" ಎಂದ. ಇಳಿಯುವಾಗ, "ಹೋಗು ಕೆಲ್ಸಕ್ಕೆ. ಅಲ್ಲಿರೋ ನಾಗಪ್ಪಂಗೂ ಪಂಚಮಿಗೆ ಒಂದು ಹೂ ಇಟ್ಬುಡು."

ಇಷ್ಟು ವರ್ಷ ನಾನು ಮಾಡಿಕೊಂಡು ಬಂದಿರುವುದು ಮೇಡಂ ಅವತ್ತು ಮಾಡಿದ್ದನ್ನೇ. ರಿಟೈರಾದ ಮೇಲೂ ಸಂಜೆ ಫೋನ್ ಮಾಡಿ, "ಇವತ್ತು ಮಕ್ಕಳು ಏನ್ ಕೇಳಿದ್ರೇ?" ಅನ್ನೋರು. ನಾನೇನು ಹೇಳಿದೆ ಎಂದು ಒಮ್ಮೆಯೂ ಕೇಳಿದವರಲ್ಲ. ಎರಡು ವರ್ಷದ ಹಿಂದೆ ಕಾಯಿಲೆ ಎಂದು ಮಲಗಿದವರು ಮತ್ತೆ ಏಳಲಿಲ್ಲ...

ನಿನ್ನೆ ಕುಣಿಗಲ್ ಕಡೆಯ ಶಾಲೆಯ ಮಕ್ಕಳು ಬಂದಿದ್ದರು. ಒಬ್ಬ ಹುಡುಗಿ ಆ ಬಾಟಲಿಯ ಮುಂದೆ ಕಣ್ಣು ಮುಚ್ಚಿ ಕೈ ಮುಗಿದಳು. "ಏಯ್, ಇದೇನ್ ದೇವಸ್ಥಾನನಾ?" ಎಂದು ಅವರ ಮೇಷ್ಟ್ರು ಗದರಿದರು. "ಮುಗೀಲಿ ಬಿಡಿ ಸಾರ್" ಎಂದು ಕಾದು ನಿಂತೆ. ಹುಡುಗಿ ಕಣ್ಣು ಬಿಟ್ಟಳು. ಗಾಜಿಗೆ ಮೂಗು ತಾಗುವಷ್ಟು ಬಗ್ಗಿ, "ಮಿಸ್, ಇದ್ರ ಹೆಡೆ ಎಲ್ಲೋಯ್ತು?" ಎಂದಳು.

ಅಪ್ಪನದೇ ಪ್ರಶ್ನೆ! ಸಂಜೆ ಮನೆಗೆ ಹೋಗುವಾಗ ಬಸ್ಸಿನಲ್ಲಿ ಫೋನು ಹಿಡಿದುಕೊಂಡೇ ಕೂತಿದ್ದೆ. ಇವತ್ತು ಮಕ್ಕಳು ಏನು ಕೇಳಿದರು ಎಂದು ಕೇಳುವವರು ಈಗ ಯಾರೂ ಇಲ್ಲ.