ಕಾಲು ನೋಡುವ ಡಾಕ್ಟರಬಾಯಿ

ಉಣಕಲ್ಲಿನ ಸ್ಕ್ಯಾನ್ ಡಾಕ್ಟರ್ ಮಹಾನಂದಾ ಸಂತೆಯಲ್ಲಿ ಸಿಕ್ಕವರನ್ನೂ ಮುಖದಿಂದಲ್ಲ, ಕಾಲಿನಿಂದ ಗುರುತಿಸುತ್ತಾರೆ. ಬಸುರಿ ಬಂದೊಡನೆ, “ಸೀರಿ ಸ್ವಲ್ಪ ಎತ್ತವಾ, ನರ ನೋಡೂಣು. ರೊಟ್ಟಿ ನಿಂತ ಬಡೀತಿಯೋ, ಕುಂತೋ?” ಎನ್ನುತ್ತಾರೆ. ಮೀನಖಂಡದಲ್ಲಿ ಉಬ್ಬಿದ ನೀಲಿ ನರಗಳು ಅವರ ಕಣ್ಣಿಗೆ ಕೆರೆ ಹುಡುಕಿ ಹೊರಟ ಹಳ್ಳಗಳು. ಗರ್ಭದೊಳಗೆ ಕೂಸಿಗೆ ಉಣಿಸುವ ಮಾಸೇ ಆ ಕೆರೆ. ಯಂತ್ರದಲ್ಲಿ ಮಾಸಿನ ರಕ್ತದ ಸಪ್ಪಳ ಕೇಳುತ್ತ ಕಣ್ಣು ಮುಚ್ಚಿ ತೂಗಾಡುತ್ತಾರೆ. ಜೊತೆ ಬಂದ ಅತ್ತೆಯರು ಅದನ್ನು ನಿದ್ದೆ ಎಂದುಕೊಳ್ಳುತ್ತಾರೆ. ಹರಿವು ಮುಂದೆ ಸೊರಗೀತು ಅನಿಸಿದರೆ, “ಅಂಜಬ್ಯಾಡ, ಮುಂದಿನ ವಾರ ಮತ್ತ ಬಾ” ಎಂದು ಪಾದ ಸವರುತ್ತಾರೆ. ಬೇಸಿಗೆಯಲ್ಲೂ ಅವರು ಕಳಚದ ಉದ್ದ ಕಾಲುಚೀಲದೊಳಗೆ ಅಂಥವೇ ನರಗಳಿವೆ. ಅವರೇ ಬಸುರಾಗಿ, ತಂದಿಟ್ಟ ತೊಟ್ಟಿಲು ಖಾಲಿಯೇ ಉಳಿದ ಆ ವರ್ಷ, ಕುಬಸದ ಆರತಿ ಎತ್ತಿದವರೆಲ್ಲ ಅವರ ಮುಖದ ಕಳೆ ಹೊಗಳಿದ್ದರು. ಕಾಲನ್ನು ಯಾರೂ ನೋಡಿರಲಿಲ್ಲ.