ಹೆಸರು ಹೇಳದೆ ಕೊಟ್ಟ ಗೆಡ್ಡೆ

ನನಗಾಗ ಅರವತ್ತೆರಡು. ಇಪ್ಪತ್ತೆರಡು ವರ್ಷದ ಹಿಂದಿನ ಮಾತು, 2003ನೇ ಇಸವಿ. ಬಿಟಿಎಂ ಲೇಔಟಿನ ನಮ್ಮ ಮನೆಯ ಮೇಲೆ ಬಾಡಿಗೆಗಿದ್ದ ಶಿವಲೀಲಾ, ಗದಗದ ಕಡೆಯವಳು, ಮಂಡಿನೋವೆಂದು ಬಂದಳು. ನಾನು ನಾಟಿ ಮದ್ದು ಕೊಡುತ್ತಿದ್ದೆ. ವಿಲ್ಸನ್ ಗಾರ್ಡನ್ನಿಂದಲೂ ಜನ ಬರುತ್ತಿದ್ದರು. ಮದ್ದಿನ ಹೆಸರು ಮಾತ್ರ ಹೇಳುತ್ತಿರಲಿಲ್ಲ. ಹೇಳಿದರೆ ಗುಣ ಹೋಗುತ್ತದೆ ಎಂದು ನಮ್ಮತ್ತೆ ಆಣೆ ಮಾಡಿಸಿದ್ದಳು.

"ತೇಯ್ದು ಹಚ್ಚು" ಎಂದು ಒಂದು ಗೆಡ್ಡೆ ಕೊಟ್ಟೆ. ವಿಷ ಎನ್ನಲಿಲ್ಲ. ಎಂದಿದ್ದರೆ ಯಾವ ಗೆಡ್ಡೆ ಎಂದು ಕೇಳುತ್ತಿದ್ದಳು. ಹಚ್ಚಿದ್ದು ಸಾಲದೆಂದು ಅವಳು ಉಳಿದದ್ದನ್ನು ಮಜ್ಜಿಗೆಯಲ್ಲಿ ಕಲಸಿ ಕುಡಿದಳು.

ಮಧ್ಯಾಹ್ನದೊಳಗೆ ವಾಂತಿ, ಭೇದಿ. ಅವಳ ಅಕ್ಕ ನೀಲವ್ವ ಮತ್ತು ನಾನು ಆಟೋದಲ್ಲಿ ನರ್ಸಿಂಗ್ ಹೋಮಿಗೆ ಹೊತ್ತೊಯ್ದೆವು. ಡ್ರಿಪ್ ಹಾಕಿದರು.

"ಏನು ಕುಡಿದ್ರು?" ಡಾಕ್ಟರಮ್ಮ ಕೇಳಿದರು.

"ಯಾವುದೋ ಗೆಡ್ಡೆ" ಎಂದೆ.

"ಯಾವುದೋ ಅಂದ್ರೆ? ಕೊಟ್ಟೋರು ನೀವೇ ತಾನೆ?"

ಆಣೆ ನೆನೆದು, ಶಿವಲೀಲಾಳ ಹೊದಿಕೆ ಸರಿಮಾಡಲು ಹೋದೆ.

ಮರುದಿನ ಸಂಜೆಗೆ ವಾಂತಿ ನಿಂತಿತು. "ನಾಳೆ ಮನೆಗೆ ಕರ್ಕೊಂಡು ಹೋಗಿ" ಎಂದರು. ಸದ್ಯ, ಉಳಿದೆ ಅಂದುಕೊಂಡೆ. ಆಣೆಯ ವಿಷಯ ಗೊತ್ತಿದ್ದ ನೀಲವ್ವ ಬಿಡಲಿಲ್ಲ.

"ಅಜ್ಜಿ, ನಿಮ್ಮತ್ತಿ ಜೋಡಿ ಆ ಆಣಿನೂ ಮಣ್ಣಾಗೇತಿ. ಈಕಿ ಇನ್ನೂ ಜೀವಂತ ಅದಾಳ. ಹೆಸರು ಹೇಳ್ರಿ."

ಕಪಾಳಕ್ಕೆ ಹೊಡೆದ ಹಾಗಾಯಿತು. "ಗೌರಿ ಹೂವಿನ ಗೆಡ್ಡೆ. ಅಗ್ನಿಶಿಖೆ ಅಂತಾರೆ" ಎಂದೆ.

ಡಾಕ್ಟರಮ್ಮ ಇಂಟರ್ನೆಟ್ಟಿನಲ್ಲಿ ಹುಡುಕಿದರು. ಕೆಂಪು ಹಳದಿ ಹೂವಿನ ಚಿತ್ರ ಬಂತು. "ಇದೇನಾ?" "ಇದೇ." ಓದುತ್ತಾ ಅವರ ಮುಖ ಬಿಗಿಯಿತು.

"ಶ್ರೀಲಂಕಾದ ಡಾಕ್ಟರುಗಳು ಬರೆದಿದ್ದಾರೆ. ಅಲ್ಲಿ ಇದನ್ನ ತಿಂದು ಜನ ಸತ್ತಿದ್ದಾರಂತೆ. ವಾಂತಿ ನಿಂತ್ರೂ ಮನೆಗೆ ಕಳಿಸಬೇಡಿ, ಆಮೇಲೆ ರಕ್ತದ ಕಣ ಕುಸಿಯುತ್ತೆ ಅಂತಿದೆ."

"ಇದನ್ನ ನಮಗೆ ಯಾಕೆ ಹೇಳಿದ್ರು ಅವರು?"

"ನಮಗೆ ಅಂತಲ್ಲ ಅಜ್ಜಿ. ಯಾರು ಬೇಕಾದ್ರೂ ಓದಲಿ ಅಂತ ಹಾಕಿದ್ದಾರೆ."

ತಮ್ಮ ಕೈಯಲ್ಲಿ ಸತ್ತವರ ಸುದ್ದಿಯನ್ನು ಆ ಜನ ಲೋಕಕ್ಕೆಲ್ಲ ಹೇಳಿದ್ದರು. ನಾನು ಒಂದು ಗೆಡ್ಡೆಯ ಹೆಸರು ನುಂಗಿಕೊಂಡು ಎರಡು ದಿನ ಕೂತಿದ್ದೆ.

ಆಗಲೇ ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ನಾಲ್ಕನೆಯ ದಿನ ಜ್ವರ ಏರಿತು, ರಕ್ತದ ಕಣ ಇಳಿಯಿತು. ಅಲ್ಲಿ ತಯಾರಾಗಿದ್ದರು. ಮನೆಯಲ್ಲಿದ್ದಿದ್ದರೆ ಉಳಿಯುತ್ತಿರಲಿಲ್ಲ ಎಂದು ನನ್ನ ಮುಖಕ್ಕೇ ಹೇಳಿದರು. ಅಪಾಯ ಕಳೆಯಿತು ಎನ್ನಲು ಹನ್ನೆರಡು ದಿನ ಬೇಕಾಯಿತು. ಶಿವಲೀಲಾಳ ಕೂದಲು ಹಿಡಿಹಿಡಿಯಾಗಿ ಉದುರುತ್ತಿತ್ತು.

"ಅಜ್ಜಿ, ಮಂಡಿ ಇನ್ನೂ ನೋಯ್ತೈತಿ" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಇವತ್ತಿಗೂ ಬರುವುದಿಲ್ಲ.

ಮಾರನೆಯ ಬೆಳಿಗ್ಗೆ ಮನೆಯಲ್ಲಿದ್ದ ಬೇರು, ಗೆಡ್ಡೆ, ಕಾಯಿಗಳನ್ನೆಲ್ಲ ಚೀಲಕ್ಕೆ ತುಂಬಿ, ನರ್ಸಿಂಗ್ ಹೋಮಿಗೆ ಹೋಗಿ ಡಾಕ್ಟರಮ್ಮನ ಮೇಜಿನ ಮೇಲೆ ಸುರಿದೆ. "ಎಲ್ಲದರ ಹೆಸರು ಹೇಳ್ತೀನಿ, ನೀವೂ ಆ ಶ್ರೀಲಂಕಾದವರ ಹಾಗೇ ಎಲ್ಲರೂ ಓದಲಿ ಅಂತ ಹಾಕಿ" ಎಂದೆ. ಅವರು ಪೆನ್ನು ತೆಗೆದು, "ಯಾವುದು ಯಾವುದಕ್ಕೆ ಒಳ್ಳೇದು ಹೇಳಿ" ಎಂದರು. ಅದು ಆಮೇಲೆ ಎಂದು, ಬಾಯಿಗೆ ಹಾಕಬಾರದ್ದನ್ನೆಲ್ಲ ಮೊದಲು ಬರೆಸಿದೆ.